ತಿರುವಿನಲ್ಲಿ ವಾಲುವ ಗಾಡಿಗೆ ಎಷ್ಟು ದಪ್ಪದ ಸಲಾಕೆ?

ಗಾಡಿ ವಾಲಿದರೆ ಮಗುಚುತ್ತದೆ ಎಂಬ ಭಯ ವಿಜಯಪುರ ಸೀಮೆಯ ಜನಕ್ಕೆ ಮೋಟಾರು ಬರುವ ಮೊದಲಿನಿಂದಲೂ ಇದೆ. ಜೋಳದ ಕಣಿಕೆಯನ್ನು ಆಳೆತ್ತರಕ್ಕೆ ಹೇರಿಕೊಂಡು ಹೊಲದಿಂದ ಬರುವ ಚಕ್ಕಡಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಗಾಲಿ ಕೊರಕಲಿಗೆ ಇಳಿದದ್ದೇ ತಡ, ಮೇಲೆ ಕುಳಿತವನು ಹಗ್ಗ ಹಿಡಿದು ಎದುರು ಬದಿಗೆ ಜಾರುತ್ತಾನೆ. ಹಿಂದೆ ನಡೆದು ಬರುತ್ತಿದ್ದವರು ಓಡಿ ಬಂದು ಹೆಗಲು ಕೊಡುತ್ತಾರೆ. ಈಗ ಚಕ್ಕಡಿಗಳು ಕಡಿಮೆಯಾಗಿ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರುಗಳು ಬಂದಿವೆ. ಅವು ವಾಲುವುದನ್ನು ಕಂಡು ಮೋಟಾರ್ ಸೈಕಲ್ಲಿನವರು ದೂರ ನಿಲ್ಲುತ್ತಾರೆ.

ಈ ಭಯ ಅರ್ಧ ನಿಜ. ವಾಲುವುದು ಬೇರೆ, ಮಗುಚುವುದು ಬೇರೆ, ಜಾರುವುದು ಮತ್ತೂ ಬೇರೆ. ಈ ಮೂರನ್ನೂ ಒಂದೇ ಎಂದು ತಿಳಿದವರಿಗೆ ಮಾರಲು ಈಗ ಪೇಟೆಯಲ್ಲಿ ಒಂದು ವಸ್ತುವಿದೆ. ಕೆಂಪು ಇಲ್ಲವೇ ನೀಲಿ ಬಣ್ಣ ಬಳಿದ, ಕಂಪನಿಯದಕ್ಕಿಂತ ದಪ್ಪನಾದ, ಡೊಂಕಾದ ಒಂದು ಉಕ್ಕಿನ ಸಲಾಕೆ. ಇಂಗ್ಲಿಷಿನವರು ಅದನ್ನು ಆ್ಯಂಟಿ ರೋಲ್ ಬಾರ್ ಎಂದರೆ ಅಮೆರಿಕದವರು ಸ್ವೇ ಬಾರ್ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಸ್ಟೆಬಿಲೈಜರ್ ಎಂದರೆ ಸಾಕು. ಇದನ್ನು ಹಾಕಿಸಿದರೆ ಗಾಡಿ ತಿರುವಿನಲ್ಲಿ ಹಳಿಯ ಮೇಲೆ ಹೋದಂತೆ ಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಕಾಲೇಜು ಹುಡುಗರು ನಂಬುತ್ತಾರೆ. ದುಡ್ಡು ಕೊಡಬೇಕಾದ ತಂದೆ ತಾಯಿಗಳಿಗೆ ಹೌದೋ ಅಲ್ಲವೋ ಎಂದು ಕೇಳಲು ಯಾರೂ ಸಿಗುವುದಿಲ್ಲ.

ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಹೀಗೆ. ವಿಜಯಪುರದಿಂದ ಅಥಣಿ ಮಾರ್ಗದಲ್ಲಿ ಸುಮಾರು 20 ಕಿ.ಮೀ. ದೂರದ ಊರು ಅದು, ಮಣೂಕಕ್ಕೆ ಹೆಸರಾದದ್ದು. ಮನೆಯಲ್ಲಿದ್ದದ್ದು ಏಳು ಜನ ಕೂರುವ, ಎತ್ತರವಾದ, ಇನ್ನೊಬ್ಬರಿಂದ ಕೊಂಡ ಹಳೆಯ ಡೀಸೆಲ್ ಗಾಡಿ. ಮುಂದೆ ಸ್ಪ್ರಿಂಗು, ಹಿಂದೆ ಪಾಟಾ. ತೋಟದ ಕೆಲಸಕ್ಕೂ ಅದೇ, ಮದುವೆ ಜಾತ್ರೆಗೂ ಅದೇ, ದವಾಖಾನೆಗೂ ಅದೇ. ಮಗ ವಿಜಯಪುರದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿದ್ದ. ಲೈಸೆನ್ಸ್ ಬಂದು ಎರಡು ವರ್ಷವಾಗಿತ್ತು.

ಅಕ್ಟೋಬರ್ ಚಾಟ್ನಿಯ ದಿನಗಳು. ಮಧ್ಯಾಹ್ನ ಒಂದು ಜೋರು ಮಳೆ ಬಿದ್ದು ನಿಂತಿತ್ತು. ಹೊಲದಿಂದ ರಸ್ತೆಗೆ ಏರಿದ ಟ್ರ್ಯಾಕ್ಟರುಗಳ ಗಾಲಿಯಿಂದ ಉದುರಿದ ಎರೆಮಣ್ಣು ಡಾಂಬರಿನ ಮೇಲೆ ಬೆಣ್ಣೆ ಸವರಿದಂತೆ ಹರಡಿತ್ತು. ಹುಡುಗ ಗಾಡಿಯ ತಲೆಯ ಮೇಲಿನ ಕ್ಯಾರಿಯರಿಗೆ ನಾಲ್ಕು ಚೀಲ ಗೊಬ್ಬರ ಹೇರಿ, ಒಳಗೆ ತಾಯಿಯನ್ನೂ ತಂಗಿಯನ್ನೂ ಕೂರಿಸಿಕೊಂಡು ಬಬಲೇಶ್ವರದ ಕಡೆಯಿಂದ ಒಳದಾರಿ ಹಿಡಿದು ಬರುತ್ತಿದ್ದ. ತಿರುವೊಂದರಲ್ಲಿ ಸೈಕಲ್ ತಾಲೀಮಿಗೆ ಹೊರಟ ಹುಡುಗನೊಬ್ಬ ಎದುರಾದ. ಸ್ಟೇರಿಂಗ್ ಸರ್ರನೆ ಎಡಕ್ಕೆ, ಮತ್ತೆ ಬಲಕ್ಕೆ. ಗಾಡಿ ಒಂದು ಬದಿಗೆ ಬಗ್ಗಿತು, ಇನ್ನೊಂದು ಬದಿಗೆ ಅದಕ್ಕಿಂತ ಹೆಚ್ಚು ಬಗ್ಗಿತು, ಕೊನೆಗೆ ರಸ್ತೆಯ ಅಂಚಿನ ಜಾಲಿಯ ಪಕ್ಕ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಒಳಗಿನ ಗಾಲಿಗಳು ಒಂದು ಕ್ಷಣ ನೆಲ ಬಿಟ್ಟವೆಂದು ತಂಗಿ ಹೇಳಿದಳು. ಇಲ್ಲವೆಂದು ಅಣ್ಣ ವಾದಿಸಿದ.

ತಾಯಿ ವಾದಿಸಲಿಲ್ಲ. "ನೀ ಗಾಡಿ ಹೊಡಿಯೂದಾದ್ರ ನಾ ಬಸ್ಸಿಗೆ ಬರ್ತೀನಿ" ಎಂದಷ್ಟೇ ಹೇಳಿದರು. ಅದರಂತೆ ನಡೆದುಕೊಂಡರು ಕೂಡ. ಸೊಂಟನೋವಿನ ಹೆಂಗಸು; ವಾರಕ್ಕೊಮ್ಮೆ ವಿಜಯಪುರದ ವೈದ್ಯರಲ್ಲಿಗೆ ಹೋಗಬೇಕಿತ್ತು. ಮನೆಯಲ್ಲಿ ಗಾಡಿ ನಿಂತಿರುವಾಗ ತಾಯಿ ಬಸ್ಸಿನಲ್ಲಿ ನಿಂತು ಹೋಗುವುದನ್ನು ನೋಡುವುದಕ್ಕಿಂತ ದೊಡ್ಡ ಶಿಕ್ಷೆ ಆ ವಯಸ್ಸಿನ ಹುಡುಗನಿಗೆ ಬೇರೊಂದಿರಲಾರದು. ಹಟ ಹುಟ್ಟಿತು. ಹಟದಿಂದ ಹುಡುಕಾಟ.

"ಅಪ್ಪಾ, ನಮ್ಮ ಗಾಡಿ ತಿರುವಿನ್ಯಾಗ ಭಾಳ ವಾಲತೈತಿ. ದಪ್ಪಂದು ಸ್ಟೆಬಿಲೈಜರ್ ಹಾಕಿಸಿದ್ರ ಕಾರಿನಂಗ ಓಡತೈತಿ. ಹದಿನೆಂಟು ಸಾವಿರ ಅಷ್ಟ."

"ವಾಲಿದ್ರ ಹಗೂರ ಹೊಡಿ. ಹಗೂರ ಹೊಡ್ಯಾಕ ರೊಕ್ಕಾ ಹತ್ತಂಗಿಲ್ಲ" ಎಂದರು ತಂದೆ.

ತಂದೆಯ ಮಾತು ಸರಿ. ಆದರೆ ಹುಡುಗನ ಪ್ರಶ್ನೆಗೆ ಅದು ಉತ್ತರವಲ್ಲ. ಆ ಸಲಾಕೆ ಏನು ಮಾಡುತ್ತದೆ ಎಂಬುದನ್ನು ನೋಡದೆ ಬೇಕು ಎನ್ನುವುದೂ ತಪ್ಪು, ಬೇಡ ಎನ್ನುವುದೂ ತಪ್ಪು.

ದ್ರಾಕ್ಷಿ ಚಪ್ಪರಕ್ಕೆ ಎಳೆಯುವ ದಪ್ಪ ತಂತಿಯ ಒಂದೂವರೆ ಅಡಿ ತುಂಡು ಸಿಕ್ಕರೆ ಈ ಪಾಠ ಮನೆಯಲ್ಲಿಯೇ ಆಗುತ್ತದೆ. ಎರಡೂ ತುದಿಗಳನ್ನು ಗೇಣರ್ಧ ಗೇಣು ಒಂದೇ ದಿಕ್ಕಿಗೆ ಮಡಿಸಿ ಚೌಕಾಕಾರದ ಬಾಗಿಲಿಲ್ಲದ ಚೌಕಟ್ಟಿನಂತೆ ಮಾಡಿ. ನಡುವಿನ ನೇರ ಭಾಗವನ್ನು ಎರಡು ಖಾಲಿ ಪೆನ್ನಿನ ಕೊಳವೆಗಳಲ್ಲಿ ತೂರಿಸಿ, ಕೊಳವೆಗಳನ್ನು ಗೆಳೆಯ ಗಟ್ಟಿಯಾಗಿ ಹಿಡಿಯಲಿ. (ತೂರಿಸಿದ ಮೇಲೆ ಎರಡನೆಯ ತುದಿಯನ್ನು ಮಡಿಸುವುದು ಜಾಣತನ.) ಈಗ ಎರಡು ತುದಿಗಳನ್ನೂ ಒಟ್ಟಿಗೆ ಮೇಲೆತ್ತಿ. ತಂತಿ ಕೊಳವೆಯೊಳಗೆ ಸುಮ್ಮನೆ ತಿರುಗುತ್ತದೆ, ಏನೂ ಅಡ್ಡಿ ಮಾಡುವುದಿಲ್ಲ. ಒಂದು ತುದಿಯನ್ನು ಕೆಳಗೆ ಹಿಡಿದು ಇನ್ನೊಂದನ್ನು ಮಾತ್ರ ಎತ್ತಿ ನೋಡಿ. ತಂತಿಯ ನಡುಭಾಗ ತಿರುಚಿಕೊಳ್ಳುತ್ತದೆ, ಬೆರಳಿಗೆ ಎದುರು ಒತ್ತುತ್ತದೆ. ಇಷ್ಟೇ ಸ್ಟೆಬಿಲೈಜರ್ ಬಾರ್. ಕೊಳವೆಗಳ ಜಾಗದಲ್ಲಿ ಗಾಡಿಯ ಅಡಿಗೆ ಬಿಗಿದ ರಬ್ಬರ್ ಬುಷ್‌ಗಳು. ತುದಿಗಳಲ್ಲಿ ಲಿಂಕ್ ರಾಡುಗಳ ಮೂಲಕ ಎಡಬಲದ ಗಾಲಿಗಳು.

ಎರಡೂ ಗಾಲಿ ಒಟ್ಟಿಗೆ ರೋಡ್ ಹಂಪ್ ಏರಿದರೆ ಸಲಾಕೆ ತಟಸ್ಥ. ತಿರುವಿನಲ್ಲಿ ಗಾಡಿಯ ಮೈ ಹೊರಗೆ ವಾಲಿ ಹೊರಗಿನ ಗಾಲಿ ಮೈಯೊಳಗೆ ಒತ್ತಿಕೊಂಡು ಒಳಗಿನದು ಜೋತು ಬಿದ್ದಾಗ ಅದು ತಿರುಚಿಕೊಂಡು ಎದುರಿಸುತ್ತದೆ: ಹೊರಗಿನ ಗಾಲಿಯನ್ನು ನೆಲಕ್ಕೆ ಒತ್ತುತ್ತದೆ, ಒಳಗಿನ ಗಾಲಿಯನ್ನು ಮೇಲಕ್ಕೆ ಎಳೆಯುತ್ತದೆ. ಒಳಗಿನ ಗಾಲಿಯನ್ನು ಮೇಲಕ್ಕೆ ಎಳೆಯುತ್ತದೆ ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಮಾರುವವರು ಈ ಅರ್ಧವನ್ನು ಹೇಳುವುದಿಲ್ಲ. ಕೆನಡಾದ ಸ್ಟೀಫನ್ ಕೋಲ್ಮನ್ ಎಂಬವನಿಗೆ 1919ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಇದರ ತತ್ತ್ವದಲ್ಲಿ ಬದಲಾವಣೆಯೇನೂ ಇಲ್ಲ. ನಮ್ಮ ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗಿನ ಕೆಲಸವನ್ನೇ ತಿರುಚುವ ಸಲಾಕೆ ಮಾಡುತ್ತಿತ್ತು. ಉಕ್ಕು ಬಾಗುವಂತೆ ತಿರುಚಿಕೊಳ್ಳಲೂ ಬಲ್ಲದು, ತಿರುಚಿದ್ದು ಮರಳಿ ಬಿಚ್ಚಿಕೊಳ್ಳಲೂ ಬಲ್ಲದು ಎಂಬುದು ಮಿಸ್ತ್ರಿಗಳಿಗೆ ಹೊಸದಲ್ಲ.

ಇನ್ನು ದಪ್ಪದ ಮಾತು. ಕಂಪನಿಯ ಸಲಾಕೆ 20 ಮಿ.ಮೀ. ಇದೆಯೆನ್ನಿ. ಹೊಸದು 22 ಮಿ.ಮೀ. ನೋಡಿದರೆ ಕೂದಲೆಳೆಯಷ್ಟು ವ್ಯತ್ಯಾಸ. ಹತ್ತಕ್ಕೆ ಒಂದು ಪಾಲು. ಅದರ ಬಿಗಿತವೂ ಹತ್ತಕ್ಕೆ ಒಂದು ಪಾಲು ಹೆಚ್ಚುತ್ತದೆಯೆ? ಇಲ್ಲ. ದುಂಡನೆಯ ಸಲಾಕೆಯನ್ನು ತಿರುಚಲು ಬೇಕಾಗುವ ಬಲ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಏರುತ್ತದೆ. 1.1ನ್ನು ನಾಲ್ಕು ಸಲ ಬರೆದು ಗುಣಿಸಿದರೆ 1.46. ಎಂದರೆ ಬಿಗಿತ ನೂರಕ್ಕೆ 46ರಷ್ಟು ಹೆಚ್ಚು. 24 ಮಿ.ಮೀ. ಹಾಕಿದರೆ 2.07, ಇಮ್ಮಡಿಗಿಂತ ಮಿಗಿಲು. ಹುಡುಗ ಕೊಳ್ಳಬೇಕೆಂದಿದ್ದದ್ದು ಇಂಥದ್ದೇ, ನಾಲ್ಕು ಮಿ.ಮೀ. ಹೆಚ್ಚಿನದು. ಈ ಸೂತ್ರವನ್ನು ಅವನು ಎರಡನೆಯ ವರ್ಷದ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದ. ತನ್ನ ಮನೆಯ ಗಾಡಿಯ ಅಡಿಗೆ ಅದು ಇದೆಯೆಂದು ಮಾತ್ರ ಹೊಳೆದಿರಲಿಲ್ಲ. ಇದು ಅವನೊಬ್ಬನ ಕಥೆಯಲ್ಲ. ನಮ್ಮಲ್ಲಿ ಸೂತ್ರಗಳು ಉತ್ತರಪತ್ರಿಕೆಯಲ್ಲಿ ಹುಟ್ಟಿ ಅಲ್ಲಿಯೇ ಸಾಯುತ್ತವೆ.

ಲೆಕ್ಕ ಮುಂದುವರಿಸುವವರಿಗೆ ಇನ್ನೆರಡು ಸಂಗತಿ. ತಿರುಚುವ ಕೆಲಸದಲ್ಲಿ ಹೊರಮೈಯ ಉಕ್ಕೇ ದುಡಿಯುತ್ತದೆ, ನಟ್ಟನಡುವಿನದು ಹೆಚ್ಚುಕಡಿಮೆ ಸೋಮಾರಿ. ಆದ್ದರಿಂದ 24 ಮಿ.ಮೀ. ಸಲಾಕೆಯ ನಡುವೆ 16 ಮಿ.ಮೀ. ಟೊಳ್ಳು ಬಿಟ್ಟರೆ ತೂಕ 56ಕ್ಕೆ ಇಳಿದರೂ ಬಿಗಿತ 80 ಉಳಿಯುತ್ತದೆ, ನೂರಕ್ಕೆ. ಇನ್ನೊಂದು, ತುದಿಯ ತೋಳಿನ ಉದ್ದ. ಕೆಲವು ಸಲಾಕೆಗಳ ತೋಳಿನಲ್ಲಿ ಎರಡು ಮೂರು ತೂತುಗಳಿರುತ್ತವೆ. ಲಿಂಕನ್ನು 20 ಸೆಂ.ಮೀ. ದೂರದ ತೂತಿನಿಂದ 18 ಸೆಂ.ಮೀ. ತೂತಿಗೆ ಬದಲಾಯಿಸಿದರೆ ಗಾಲಿಗೆ ತಾಗುವ ಬಿಗಿತ ನೂರಕ್ಕೆ 23ರಷ್ಟು ಏರುತ್ತದೆ. ಉದ್ದದ ವರ್ಗಕ್ಕೆ ವಿಲೋಮ.

ಅಗ್ಗದ ದಾರಿಯೊಂದನ್ನು ಹುಡುಗನ ಗೆಳೆಯರು ಸೂಚಿಸಿದರು. ಲೇಥ್ ಕೆಲಸದವನಿಗೆ ಹೇಳಿ ಸಾದಾ ಕಬ್ಬಿಣದ ರಾಡನ್ನೇ ಬಗ್ಗಿಸಿ ಹಾಕಿದರಾಯಿತು! ಇದರಲ್ಲಿ ಒಂದು ಮೋಜಿನ ವಿಷಯವಿದೆ. ಸಾದಾ ಉಕ್ಕಿಗೂ ಸ್ಪ್ರಿಂಗಿನ ಉಕ್ಕಿಗೂ ಬಿಗಿತದಲ್ಲಿ ಹೆಚ್ಚು ಭೇದವಿಲ್ಲ. ಮೊದಲ ದಿನ ಎರಡೂ ಒಂದೇ ರೀತಿ ಕೆಲಸ ಮಾಡುತ್ತವೆ. ಭೇದವಿರುವುದು ಎಷ್ಟು ತಿರುಚಿದರೂ ಮರಳಿ ಬರುತ್ತದೆ ಎಂಬುದರಲ್ಲಿ. ಹದ ಮಾಡಿದ ಸ್ಪ್ರಿಂಗಿನ ಉಕ್ಕು ಮರಳಿ ಬರುತ್ತದೆ. ಸಾದಾ ರಾಡು ಒಂದು ದೊಡ್ಡ ತಗ್ಗಿನಲ್ಲಿ ತಿರುಚಿಕೊಂಡು ಹಾಗೇ ಉಳಿದುಬಿಡುತ್ತದೆ. ಆಮೇಲೆ ಗಾಡಿ ನೇರ ರಸ್ತೆಯಲ್ಲಿಯೂ ಒಂದು ಬದಿಗೆ ವಾಲಿ ನಿಲ್ಲುತ್ತದೆ. ಸ್ಪ್ರಿಂಗಿನ ಉಕ್ಕಿಗೆ ವೆಲ್ಡಿಂಗ್ ಮಾಡಿದರಂತೂ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಈಗ ಮುಖ್ಯ ಪ್ರಶ್ನೆ. ವಾಲುವುದು ಕಡಿಮೆಯಾದರೆ ಗಾಡಿಯ ಹಿಡಿತ ಹೆಚ್ಚಿತೆಂದು ಅರ್ಥವೆ?

ಅಲ್ಲ. ತಿರುವಿನಲ್ಲಿ ಒಳಗಿನ ಗಾಲಿಗಳಿಂದ ಹೊರಗಿನ ಗಾಲಿಗಳಿಗೆ ಎಷ್ಟು ಭಾರ ವರ್ಗವಾಗುತ್ತದೆ ಎಂಬುದನ್ನು ನಿರ್ಧರಿಸುವುದು ನಾಲ್ಕು ಸಂಗತಿಗಳು: ಗಾಡಿಯ ತೂಕ, ಅದರ ಗುರುತ್ವಕೇಂದ್ರದ ಎತ್ತರ, ಎಡಬಲ ಗಾಲಿಗಳ ನಡುವಿನ ಅಂತರ, ತಿರುವಿನ ಬಿರುಸು. ಈ ಪಟ್ಟಿಯಲ್ಲಿ ಸಲಾಕೆ ಇಲ್ಲ. ಸಲಾಕೆ ಮಾಡುವುದು ಬೇರೆ ಕೆಲಸ. ವರ್ಗವಾಗುವ ಭಾರದಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬ ಹಂಚಿಕೆಯನ್ನು ಅದು ಬದಲಾಯಿಸುತ್ತದೆ. ಮುಂದೆ ದಪ್ಪ ಸಲಾಕೆ ಹಾಕಿದರೆ ಮುಂದಿನ ಹೊರಗಾಲಿಯ ಮೇಲೆ ಹೊರೆ ಹೆಚ್ಚು, ಹಿಂದಿನದಕ್ಕೆ ಆ ಮಟ್ಟಿಗೆ ಕಡಿಮೆ.

ಹೊರೆ ಹೆಚ್ಚಾದ ಗಾಲಿ ಹೆಚ್ಚು ಹಿಡಿಯುತ್ತದಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಹಿಡಿಯುತ್ತದೆ, ಆದರೆ ಹೊರೆ ಹೆಚ್ಚಿದಷ್ಟು ಹಿಡಿತ ಹೆಚ್ಚುವುದಿಲ್ಲ. ಎಪಿಎಂಸಿಯ ಹಮಾಲರನ್ನು ನೋಡಿ. ಇಬ್ಬರಿಗೂ ಐವತ್ತೈವತ್ತು ಕಿಲೋ ಹೊರಿಸಿದರೆ ಇಬ್ಬರೂ ಸರಾಗ ನಡೆಯುತ್ತಾರೆ. ಒಬ್ಬನಿಗೆ ತೊಂಬತ್ತು, ಇನ್ನೊಬ್ಬನಿಗೆ ಹತ್ತು ಹೊರಿಸಿದರೆ ಒಟ್ಟು ಅದೇ ನೂರು. ತೊಂಬತ್ತು ಹೊತ್ತವನು ತೂರಾಡುತ್ತಾನೆ, ಹತ್ತು ಹೊತ್ತವನು ಎಷ್ಟು ಓಡಿದರೂ ಆ ನಷ್ಟ ತುಂಬಿ ಬರುವುದಿಲ್ಲ. ಟೈರುಗಳ ಜೋಡಿಯೂ ಹೀಗೆಯೇ. ಯಾವ ಜೋಡಿಯಲ್ಲಿ ಹೊರೆಯ ಹಂಚಿಕೆ ಹೆಚ್ಚು ಅಸಮವೋ ಆ ಜೋಡಿ ಮೊದಲು ಸೋಲುತ್ತದೆ. ಎಂದ ಮೇಲೆ ಸಲಾಕೆಯ ದಪ್ಪ ಆರಿಸುವುದೆಂದರೆ ಗಾಡಿ ಜಾರುವಾಗ ಮೊದಲು ಮೂತಿ ಜಾರಬೇಕೋ ಬಾಲ ಜಾರಬೇಕೋ ಎಂದು ಆರಿಸಿದಂತೆ.

ಮೂತಿ ಮೊದಲು ಜಾರಿದರೆ ಗಾಡಿ ತಿರುಗಬೇಕಾದಷ್ಟು ತಿರುಗದೆ ಹೊರಕ್ಕೆ ಸರಿಯುತ್ತದೆ. ಹೆದರಿದ ಮನುಷ್ಯ ಸಹಜವಾಗಿ ಎಕ್ಸಲರೇಟರಿನಿಂದ ಕಾಲು ತೆಗೆಯುತ್ತಾನೆ. ಭಾರ ಮುಂದಕ್ಕೆ ಬಂದು, ವೇಗ ಇಳಿದು, ಗಾಲಿಗಳು ಮತ್ತೆ ನೆಲ ಹಿಡಿಯುತ್ತವೆ. ಬಾಲ ಮೊದಲು ಜಾರಿದರೆ ಅದೇ ಹೆದರಿಕೆ, ಅದೇ ಕಾಲು ತೆಗೆಯುವಿಕೆ ಗಾಡಿಯನ್ನು ಬುಗುರಿಯಂತೆ ತಿರುಗಿಸುತ್ತದೆ. ಆದ್ದರಿಂದಲೇ ಕಂಪನಿಗಳು ಸಾಮಾನ್ಯರ ಕಾರಿನಲ್ಲಿ ಮೂತಿ ಮೊದಲು ಸೋಲುವಂತೆ ಬೇಕೆಂದೇ ಏರ್ಪಾಡು ಮಾಡುತ್ತವೆ. ರೇಸಿನ ಹುಡುಗರಿಗೆ ಇದು ಬೇಸರ. ಮುಂದಿನ ಗಾಲಿ ಎಳೆಯುವ ಕಾರುಗಳಿಗೆ ಅವರು ಹಿಂದೆ ದಪ್ಪ ಸಲಾಕೆ ಹಾಕಿ ಬಾಲವನ್ನು ಸಡಿಲ ಮಾಡಿಕೊಳ್ಳುತ್ತಾರೆ. ಅವರಿಗೆ ಅದು ಸರಿ. ಅಭ್ಯಾಸವಿದೆ, ತಲೆಗೆ ಹೆಲ್ಮೆಟ್ಟಿದೆ, ಎದುರಿನಿಂದ ಕಬ್ಬಿನ ಟ್ರೇಲರ್ ಬರುವುದಿಲ್ಲ.

ಒಂದು ಸಲಾಕೆಯನ್ನು ಬಿಟ್ಟದ್ದಕ್ಕೆ ದೇಶವೇ ಮಾತಾಡಿಕೊಂಡ ಉದಾಹರಣೆ ಅಮೆರಿಕದಲ್ಲಿದೆ. ಜನರಲ್ ಮೋಟರ್ಸ್ ಕಂಪನಿ 1960ರ ಮಾದರಿಯಾಗಿ ಶೆವರ್ಲೆ ಕೊರ್ವೇರ್ ಎಂಬ ಕಾರು ತಂದಿತು. ಎಂಜಿನ್ ಹಿಂದೆ, ಆದ್ದರಿಂದ ಭಾರವೂ ಹಿಂದೆ. ಬಾಲ ಮೊದಲು ಜಾರುವ ಸ್ವಭಾವ ಅದಕ್ಕೆ ಹುಟ್ಟಿನಿಂದಲೇ ಇತ್ತು. ಮುಂದೆ ಸ್ಟೆಬಿಲೈಜರ್ ಹಾಕಿದ್ದರೆ ಆ ಸ್ವಭಾವ ಸ್ವಲ್ಪ ತಗ್ಗುತ್ತಿತ್ತು. ಹಾಕಲಿಲ್ಲ. ಅದರ ಬದಲು ಮುಂದಿನ ಟೈರಿಗೆ 15, ಹಿಂದಿನದಕ್ಕೆ 26 ಪೌಂಡ್ ಹವಾ ತುಂಬಬೇಕೆಂದು ಹೇಳಿದರು. ಮುಂದಿನ ಟೈರು ಮೆತ್ತಗಿದ್ದರೆ ಮೂತಿ ಮೊದಲು ಸೋಲುತ್ತದೆ, ಸಮತೋಲ ಸರಿಹೋಗುತ್ತದೆ ಎಂಬ ಲೆಕ್ಕ. ಆದರೆ ಪೆಟ್ರೋಲ್ ಬಂಕಿನ ಹುಡುಗನಿಗೆ ಈ ಲೆಕ್ಕ ಹೇಳುವವರು ಯಾರು? ನಾಲ್ಕೂ ಗಾಲಿಗೆ ಒಂದೇ ಸಮ ತುಂಬಿದರೆ ಲೆಕ್ಕ ಕೆಟ್ಟಂತೆಯೇ. 1964ರ ಮಾದರಿಗೆ ಕಂಪನಿ ಮುಂದಿನ ಸಲಾಕೆಯನ್ನೂ ಹಿಂದೆ ಒಂದು ಅಡ್ಡ ಪಾಟಾವನ್ನೂ ತಾನೇ ಜೋಡಿಸಿತು. ಅಷ್ಟರಲ್ಲಿ ಹಳೆಯ ಮಾದರಿಗಳ ಅಪಘಾತದ ದಾವೆಗಳು ನ್ಯಾಯಾಲಯ ಸೇರಿದ್ದವು. ರಾಲ್ಫ್ ನೇಡರ್ 1965ರಲ್ಲಿ ಬರೆದ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನದು. 1972ರಲ್ಲಿ ಸರ್ಕಾರದ ತನಿಖೆ, ಈ ಕಾರು ಅದೇ ಕಾಲದ ಇತರ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲವೆಂದು ಹೇಳಿತು. ಯಾರು ಸರಿ ಎಂಬ ಚರ್ಚೆ ಇಂದಿಗೂ ಇದೆ. ನಮಗೆ ಬೇಕಾದದ್ದು ಹವಾದ ವಿಷಯ: ಸಲಾಕೆ ಮಾಡಬಹುದಾದ ಕೆಲಸವನ್ನು ಹತ್ತು ಪೌಂಡ್ ಹವಾ ಮಾಡಬಲ್ಲದು, ಕೆಡಿಸಲೂ ಬಲ್ಲದು.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ; ನೆಲ. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲಿನ ಡಾಂಬರು ವರ್ಷ ಎರಡು ವರ್ಷದಲ್ಲಿ ಅಲೆ ಅಲೆಯಾಗುತ್ತದೆ, ಅದೂ ಎಡಕ್ಕೊಂದು ಬಲಕ್ಕೊಂದು. ಸೋಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮಾತು ಬೇರೆ. ತಿಕೋಟಾ ಬಬಲೇಶ್ವರದ ತೋಟದ ದಾರಿಗಳ ಮಾತು ಬೇರೆ. ಎಡಗಾಲಿ ಮಾತ್ರ ತಗ್ಗಿಗೆ ಇಳಿದಾಗ ಅದು ಸ್ವತಂತ್ರವಾಗಿ ಇಳಿದು ಏರಿದರೆ ಮೈ ಅಲುಗುವುದು ಕಡಿಮೆ. ದಪ್ಪ ಸಲಾಕೆ ಎಡಗಾಲಿಯ ಸುಖದುಃಖವನ್ನು ಬಲಗಾಲಿಗೂ ಮುಟ್ಟಿಸುತ್ತದೆ. ಒಳಗೆ ಕುಳಿತವರ ತಲೆ ಎಡಕ್ಕೂ ಬಲಕ್ಕೂ ಎರಚಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಾಲಿ ತಗ್ಗಿನ ತಳ ಮುಟ್ಟದೆ ತೇಲುತ್ತದೆ. ತೇಲುವ ಗಾಲಿ ಬ್ರೇಕನ್ನೂ ಹಿಡಿಯದು, ತಿರುವನ್ನೂ ಹಿಡಿಯದು. ಮಣ್ಣಿನ ದಾರಿಯ ರ‍್ಯಾಲಿ ಕಾರುಗಳಲ್ಲಿ ಮೆತ್ತನೆಯ ಸಲಾಕೆ ಇಡುವುದು ಇದಕ್ಕೇ. ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಎಂಬ ದುಬಾರಿ ಗಾಡಿಯಲ್ಲಿ, ಕಲ್ಲುಮುಳ್ಳಿನ ದಾರಿಗೆ ಇಳಿದಾಗ ಮುಂದಿನ ಸಲಾಕೆಯ ಸಂಪರ್ಕವನ್ನೇ ಕಡಿಯಲು ಒಂದು ಗುಂಡಿಯಿದೆ. ಅಲ್ಲಿ ಇದ್ದ ಸಲಾಕೆಯನ್ನು ಬಿಡಿಸಲು ದುಡ್ಡು ಕೊಡುತ್ತಾರೆ. ಇಲ್ಲಿ ಅಂಥದೇ ದಾರಿಗೆ ದಪ್ಪದ್ದನ್ನು ಹಾಕಿಸಲು ಹದಿನೆಂಟು ಸಾವಿರ.

"ಹಿಂದ ಕುಂತವರ ಸೊಂಟಾ ಕೇಳವ್ರು ಯಾರು?" ಎಂದು ತಾಯಿ ಒಂದು ಸಲ ಕೇಳಿದ್ದರು. ಎಂಜಿನಿಯರಿಂಗ್ ಓದದೆಯೇ ಅವರು ಕೇಳಿದ ಪ್ರಶ್ನೆ ಸರಿಯಾದದ್ದಾಗಿತ್ತು.

ಹುಡುಗ ಕೊನೆಗೆ ಗಾಡಿಯನ್ನು ವಿಜಯಪುರದ ಗ್ಯಾರೇಜಿಗೆ ಒಯ್ದ. ಮಿಸ್ತ್ರಿ ವಯಸ್ಸಾದವರು, ಊರಿನ ಹುಡುಗರಿಗೆಲ್ಲ ಚಾಚಾ.

"ಚಾಚಾ, ದಪ್ಪಂದು ಹಾಕಬೇಕು."

"ದಪ್ಪಂದು ಆಮ್ಯಾಲ, ತಮ್ಮಾ. ಮೊದಲ ಇದ್ದದ್ದು ಕೆಲಸ ಮಾಡಾಕತ್ತೈತೇನು ನೋಡೂಣು."

ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದು ಸಲಾಕೆಯನ್ನು ಕೈಯಿಂದ ಅಲುಗಿಸಿದರೆ ಅದು ಲೊಟಲೊಟ ಎಂದಿತು. ನಡುವಿನ ಎರಡೂ ಬುಷ್ ಸವೆದು ಅಂಡಾಕಾರವಾಗಿದ್ದವು. ಎಡಗಡೆಯ ಲಿಂಕ್ ರಾಡಿನ ಕೀಲು ಸಡಿಲ. ಎಂದರೆ ಗಾಡಿ ಸಾಕಷ್ಟು ವಾಲಿದ ಮೇಲೆಯೇ ಸಲಾಕೆಗೆ ಎಚ್ಚರವಾಗುತ್ತಿತ್ತು! ಒಂದು ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿ ಒಣಗಿತ್ತು. ಎಡಕ್ಕೆ ಬಾಗಿದ್ದು ತಣಿಯುವ ಮೊದಲೇ ಬಲಕ್ಕೆ ಎಳೆದಾಗ ಎರಡನೆಯ ಬಾಗು ಹೆಚ್ಚಾದದ್ದು ಇದರಿಂದ. ಟೈರುಗಳ ಹವಾ ನೋಡಿದರೆ ನಾಲ್ಕಕ್ಕೆ ನಾಲ್ಕು ಲೆಕ್ಕ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿದ್ದದ್ದಕ್ಕೆ ಒಂದೂ ತಾಳೆಯಿಲ್ಲ.

ಗೊಬ್ಬರದ ಲೆಕ್ಕವನ್ನು ಹುಡುಗ ತಾನೇ ಮಾಡಿದ. ಗಾಡಿಯ ತೂಕ ಸುಮಾರು 1600 ಕಿಲೋ, ಗುರುತ್ವಕೇಂದ್ರ ನೆಲದಿಂದ ಸುಮಾರು 70 ಸೆಂ.ಮೀ. ಎಂದು ಇಟ್ಟುಕೊಂಡ. ಕ್ಯಾರಿಯರಿನ ಮೇಲೆ 190 ಸೆಂ.ಮೀ. ಎತ್ತರದಲ್ಲಿ 200 ಕಿಲೋ. ಒಟ್ಟು ಗುರುತ್ವಕೇಂದ್ರ 83 ಸೆಂ.ಮೀ.ಗೆ ಏರಿತು. ಗಾಲಿಗಳ ಅಂತರದ ಅರ್ಧ 70 ಸೆಂ.ಮೀ. ಈ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಮಗುಚುವುದಕ್ಕೆ ಗಾಡಿ ಎಷ್ಟು ಹಟ ಮಾಡುತ್ತದೆ ಎಂಬುದರ ಅಳತೆ. ಅಮೆರಿಕದ ಸುರಕ್ಷಾ ಇಲಾಖೆ ಗಾಡಿಗಳಿಗೆ ದರ್ಜೆ ಕೊಡುವಾಗ ಇದನ್ನೇ ಬಳಸುತ್ತದೆ. ಖಾಲಿ ಕ್ಯಾರಿಯರಿನಲ್ಲಿ 1. ಗೊಬ್ಬರ ಹೇರಿದಾಗ 0.84. ಒಳ್ಳೆಯ ಟೈರು ಒಣ ಡಾಂಬರಿನಲ್ಲಿ ಹಿಡಿಯುವ ಹಿಡಿತ 0.7, 0.8ರ ಆಸುಪಾಸು. ಹೊಂದಿಕೊಂಡೇ ಇದೆ! ತಾಲೀಮಿನ ಹುಡುಗ ಎದುರಾದಾಗ ರಸ್ತೆ ಒಣಗಿದ್ದರೆ, ಗಾಡಿ ಜಾರುವ ಬದಲು ಕಾಲು ಎತ್ತುತ್ತಿತ್ತೇನೋ. ಕೆಸರು ಜಾರಿಸಿ ಕಾಪಾಡಿತು ಎಂದು ಹೇಳಲು ಬಾಯಿ ಬಾರದು, ಆದರೆ ಲೆಕ್ಕ ಹಾಗೆ ಹೇಳುತ್ತದೆ. ಈ ಸಂಖ್ಯೆಯಲ್ಲಿ ಸಲಾಕೆಯ ದಪ್ಪಕ್ಕೆ ಸ್ಥಾನವಿಲ್ಲ. ದಪ್ಪ ಸಲಾಕೆ ಹಾಕಿದ್ದರೆ ಗಾಡಿ ಬಾಗುವುದು ಕಡಿಮೆಯಾಗಿ, ಹುಡುಗನ ಧೈರ್ಯ ಹೆಚ್ಚಾಗಿ, ಮುಂದಿನ ಸಲ ಇನ್ನೂ ಹತ್ತು ಕಿ.ಮೀ. ವೇಗದಲ್ಲಿ ಅದೇ ತಿರುವಿಗೆ ಬರುತ್ತಿದ್ದ. ವಾಲುವುದು ಗಾಡಿ ಆಡುವ ಮಾತು. ದಪ್ಪ ಸಲಾಕೆ ಅದರ ಬಾಯಿ ಕಟ್ಟುತ್ತದೆ, ಅಪಾಯವನ್ನು ಅಲ್ಲಿಯೇ ಬಿಡುತ್ತದೆ.

ಬುಷ್, ಲಿಂಕ್, ಎರಡು ಶಾಕ್ ಅಬ್ಸಾರ್ಬರ್ ಹೊಸವು, ಕಂಪನಿಯವೇ. ಅಲೈನ್‌ಮೆಂಟ್. ಹವಾ ಚೀಟಿಯ ಪ್ರಕಾರ. ಹದಿನೆಂಟು ಸಾವಿರದ ಅರ್ಧವೂ ಆಗಲಿಲ್ಲ. ಗೊಬ್ಬರ ಇನ್ನು ಮುಂದೆ ಟ್ರ್ಯಾಕ್ಟರಿನಲ್ಲಿ. ತಾಯಿ ಮೂರು ವಾರ ಬಸ್ಸಿನಲ್ಲಿಯೇ ಹೋದರು. ನಾಲ್ಕನೆಯ ವಾರ ಗಂಡ ಹೊಡೆಯುವಾಗ ಗಾಡಿ ಹತ್ತಿದರು. ಮಗ ಹೊಡೆಯುವಾಗ ಹತ್ತಿದ್ದು ಸಂಕ್ರಾಂತಿಯ ನಂತರ.

ಇಷ್ಟರ ಮೇಲೂ ಸಲಾಕೆ ಬದಲಾಯಿಸಲೇಬೇಕೆಂಬ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಅವರು ಮೊದಲು ತಮ್ಮ ಕಾರಿನ ಅಡಿಗೆ ಸರಿಯಾಗಿ ನೋಡಬೇಕು. ಹಿಂದೆ ಸಲಾಕೆ ಕಾಣದಿದ್ದರೆ ಕಂಪನಿ ದುಡ್ಡು ಉಳಿಸಿತೆಂದು ಭಾವಿಸಬೇಕಾಗಿಲ್ಲ. ಹಲವು ಸಣ್ಣ ಕಾರುಗಳಲ್ಲಿ ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ತೊಲೆಯೇ ತಿರುಚಿಕೊಂಡು ಆ ಕೆಲಸ ಮಾಡುತ್ತದೆ. ಕೊಳ್ಳುವಾಗ ಬಣ್ಣ ನೋಡದೆ, ವ್ಯಾಸ ಎಷ್ಟು, ಟೊಳ್ಳೋ ಗಟ್ಟಿಯೋ, ತೋಳಿನ ಉದ್ದ ಎಷ್ಟು ಎಂದು ಕೇಳಿ ಹಳೆಯದರ ಎದುರು ಲೆಕ್ಕ ಹಾಕಬೇಕು. ಬಿಗಿತ ಎಷ್ಟು ಪಟ್ಟು ಎಂದು ಹೇಳಲಾರದ ಅಂಗಡಿಯಲ್ಲಿ ಕೊಳ್ಳಬಾರದು. ಹಿಂದಿನದನ್ನು ಮಾತ್ರ ಬಿಗಿ ಮಾಡುವುದು ಹೊಸ ಚಾಲಕರಿಗೆ ಸಲ್ಲ. ತೂತುಗಳಿದ್ದರೆ ಅತಿ ಮೆತ್ತನೆಯದರಲ್ಲಿ ಆರಂಭಿಸಬೇಕು. ಗಾಡಿಯನ್ನು ತಾನೇ ಹತೋಟಿಗೆ ತರುವ ಇಎಸ್‌ಸಿ ಇರುವ ಹೊಸ ಕಾರುಗಳಲ್ಲಿ ಆ ಯಂತ್ರದ ಲೆಕ್ಕವೆಲ್ಲ ಕಂಪನಿಯ ಸಲಾಕೆಗೆ ಹೊಂದಿಸಿದ್ದೆಂಬುದನ್ನೂ ಮರೆಯಬಾರದು.

ಪಾಲಕರು ತಿಳಿದಿರಬೇಕಾದ ಕಾನೂನೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಎಂದು ಸೇರಿತು. ಸವೆದ ಭಾಗಕ್ಕೆ ಅದೇ ನಮೂನೆಯ ಭಾಗ ಹಾಕಿಸುವುದು ಬದಲಾವಣೆಯಲ್ಲ, ದುರಸ್ತಿ. ದಪ್ಪ ಸಲಾಕೆಯನ್ನು ಹೇಗೆ ನೋಡುತ್ತಾರೆಂದು ಆರ್‌ಟಿಒ ಕಚೇರಿಯಲ್ಲಿಯೂ ವಿಮೆಯ ಕಂಪನಿಯಲ್ಲಿಯೂ ದುಡ್ಡು ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಬಾಯಿಮಾತಿನ ಉತ್ತರ ಅಪಘಾತವಾದ ದಿನ ಯಾರಿಗೂ ನೆನಪಿರುವುದಿಲ್ಲ.